ಪಕ್ಕದ ಮಂಚದವರು



ಕಾಲೇಜುಗಳು ತೆರೆಯುವ ಕಾಲವಿದು. ನಾಡಿನ ಎಷ್ಟೋ ಮನೆಗಳಲ್ಲಿ ಈ ವಾರ ಟ್ರಂಕು ತುಂಬುವ ಕೆಲಸ ನಡೆದಿದೆ. ಹಾಸಿಗೆ ಸುತ್ತಿ ಕಟ್ಟಿದ್ದಾರೆ. ಬಕೆಟ್ಟು, ಬೀಗ, ಒಂದು ಡಬ್ಬಿ ಚಟ್ನಿಪುಡಿ, ಅಂಕಪಟ್ಟಿಯ ಐದಾರು ಜೆರಾಕ್ಸು. ಮಗನೋ ಮಗಳೋ ಮೊದಲ ಸಲ ಊರು ಬಿಟ್ಟು ವಿಶ್ವವಿದ್ಯಾನಿಲಯದ ಹಾಸ್ಟೆಲು ಸೇರಬೇಕು. ಊಟ ಹೇಗೋ, ನೀರು ಹೇಗೋ ಎಂದು ತಂದೆತಾಯಿಗೆ ಚಿಂತೆ. ಅದನ್ನು ಎಲ್ಲರ ಎದುರೇ ಕೇಳುತ್ತಾರೆ. ಇನ್ನೊಂದು ಚಿಂತೆ ಇರುತ್ತದೆ. ಅದನ್ನು ಮಾತ್ರ ವಾರ್ಡನ್ನರ ಕೋಣೆಯೊಳಗೆ ಬಂದು, ದನಿ ತಗ್ಗಿಸಿ ಕೇಳುತ್ತಾರೆ. "ಸಾರ್, ರೂಮಲ್ಲಿ ಜೊತೆಗಿರೋರು ಯಾರು? ನಮ್ಮ ಕಡೆಯೋರೇ ಆದ್ರೆ ಒಳ್ಳೇದಿತ್ತು."

ಅಧ್ಯಾಪಕನಾಗಿದ್ದಾಗ ಹಲವು ವರ್ಷ ಹಾಸ್ಟೆಲಿನ ಹೊಣೆಯನ್ನೂ ಹೊತ್ತಿದ್ದೆ. ಪ್ರತಿ ವರ್ಷ ಈ ಮಾತು ಕೇಳಿದ್ದೇನೆ. ಕೇಳುವವರು ಕೆಟ್ಟವರೇನಲ್ಲ. ಮಗು ಒಂಟಿಯಾಗಬಾರದು ಎಂಬ ಆಸೆ ಅವರದು. ಆದರೂ ವಿಶ್ವವಿದ್ಯಾನಿಲಯ ಈ ಕೋರಿಕೆಗೆ ಒಪ್ಪಬಾರದು ಎಂದು ನಾನು ದೃಢವಾಗಿ ನಂಬಿದ್ದೇನೆ. ಬೇರೆ ಬೇರೆ ಹಿನ್ನೆಲೆಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಇರಿಸಬೇಕು. ಇರಿಸಿದ ಮೇಲೆ ಇಬ್ಬರ ಗೌರವವನ್ನೂ ಕಾಯಬೇಕು. ಮೊದಲನೆಯದು ಸುಲಭ, ಒಂದು ಪಟ್ಟಿ ಬರೆದರೆ ಆಯಿತು. ಎರಡನೆಯದು ವರ್ಷವಿಡೀ ಮಾಡಬೇಕಾದ ಕೆಲಸ. ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು ಈ ಎರಡರ ಬಗ್ಗೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಅಜ್ಜಂದಿರ ಕಾಲದಲ್ಲಿ ಬಡ ಹುಡುಗ ಪಟ್ಟಣಕ್ಕೆ ಓದಲು ಬಂದರೆ ವಾರಾನ್ನವೇ ಗತಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆದರೆ ಆ ಮನೆಗಳ ಬಾಗಿಲು ಎಲ್ಲ ಹುಡುಗರಿಗೂ ತೆರೆಯುತ್ತಿರಲಿಲ್ಲ. ಹೆಚ್ಚಾಗಿ ಬ್ರಾಹ್ಮಣರ ಮಕ್ಕಳಿಗೆ ಆ ಅನುಕೂಲ ಇತ್ತು. ಉಳಿದವರು ಎಲ್ಲಿ ಉಣ್ಣಬೇಕು? ಎಲ್ಲಿ ಮಲಗಬೇಕು? ಕಳೆದ ಶತಮಾನದ ಆರಂಭದಲ್ಲಿ ಆಯಾ ಸಮುದಾಯದ ಹಿರಿಯರು ಕಾಸಿಗೆ ಕಾಸು ಕೂಡಿಸಿ ಹಾಸ್ಟೆಲು ಕಟ್ಟಿದರು. ಲಿಂಗಾಯತರ ಬೋರ್ಡಿಂಗು, ಒಕ್ಕಲಿಗರ ಹಾಸ್ಟೆಲು, ಜೈನರ ಬೋರ್ಡಿಂಗು ಹೀಗೆ ಬಂದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲೇ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ಹಳೆಯ ಮೈಸೂರು ಸೀಮೆಯಲ್ಲಿ ಗೋಪಾಲಸ್ವಾಮಿ ಅಯ್ಯರ್ ಅದೇ ಕೆಲಸ ಮಾಡಿದರು. ಅವರ ಹೆಸರಿನ ಹಾಸ್ಟೆಲು ಬೆಂಗಳೂರಿನಲ್ಲಿದೆ. ಕವಿ ಸಿದ್ಧಲಿಂಗಯ್ಯನವರು ಓದಿನ ದಿನಗಳನ್ನು ಕಳೆದದ್ದು ಅಲ್ಲಿಯೇ. ಅವರ ಆತ್ಮಕಥೆ 'ಊರುಕೇರಿ' ಓದಿದವರಿಗೆ ಆ ಹಾಸ್ಟೆಲಿನ ಹಸಿವೂ ಗೊತ್ತು, ಗೆಳೆತನವೂ ಗೊತ್ತು.

ಈ ಹಾಸ್ಟೆಲುಗಳು ಇರದಿದ್ದರೆ ಹಳ್ಳಿಯ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ಋಣ ದೊಡ್ಡದು. ಸರಕಾರ ಇವತ್ತು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮಕ್ಕಳಿಗೆ ನಡೆಸುವ ಹಾಸ್ಟೆಲುಗಳು ಕೂಡ ಹಾಗೆಯೇ. ಅವು ಇರಬೇಕು, ಇನ್ನೂ ಹೆಚ್ಚಬೇಕು. ಅವನ್ನು ಮುಚ್ಚಿ ಎಂದು ಹೇಳುವವನು ನಾನಲ್ಲ. ನನ್ನ ಮಾತು ವಿಶ್ವವಿದ್ಯಾನಿಲಯ ತಾನೇ ನಡೆಸುವ, ಎಲ್ಲರೂ ಬರುವ ಹಾಸ್ಟೆಲಿನ ಕುರಿತು.

ಇಲ್ಲಿ ಕೊಲ್ಲಾಪುರದ ಶಾಹು ಮಹಾರಾಜರನ್ನು ನೆನೆಯಬೇಕು. ಅವರು 1901ರಿಂದ ಒಂದೊಂದೇ ಸಮುದಾಯಕ್ಕೆ ಹಾಸ್ಟೆಲು ತೆರೆಸಿದರು ಎಂಬುದು ಬಹಳ ಜನಕ್ಕೆ ಗೊತ್ತು. ಅದಕ್ಕೆ ಮೊದಲು ನಡೆದದ್ದು ಅಷ್ಟು ಗೊತ್ತಿಲ್ಲ. ಅವರು ಮೊದಲು ಆರಂಭಿಸಿದ್ದು ಎಲ್ಲ ಜಾತಿಯವರಿಗೂ ಸೇರಿದ ಒಂದೇ ಹಾಸ್ಟೆಲು. ಅದು 1896ರ ಸುಮಾರಿನ ಮಾತು. ಆದರೆ ಅಲ್ಲಿನ ಆಡಳಿತ ಮೇಲ್ಜಾತಿಯವರ ಕೈಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಉಳಿದ ಜಾತಿಯ ಮಕ್ಕಳು ಅಲ್ಲಿ ನೆಲೆ ನಿಲ್ಲದಂತಾಯಿತು. ಆಮೇಲೆಯೇ ಮಹಾರಾಜರು ಬೇರೆ ಬೇರೆ ಹಾಸ್ಟೆಲುಗಳ ದಾರಿ ಹಿಡಿದದ್ದು. ಬಾಗಿಲು ಎಲ್ಲರಿಗೂ ತೆರೆದಿತ್ತು. ಒಳಗೆ ಬಂದವರನ್ನು ಕಾಯುವವರು ಇರಲಿಲ್ಲ. ನೂರು ವರ್ಷ ದಾಟಿದ ಮೇಲೂ ನಮ್ಮ ಅನೇಕ ಕ್ಯಾಂಪಸ್ಸುಗಳು ಇದೇ ಹಂತದಲ್ಲಿ ನಿಂತಿವೆ.

ಇಷ್ಟು ಹೊತ್ತು ಹೇಳಿದ್ದು ಹಾಸ್ಟೆಲುಗಳ ಹಳೆಯ ಕಥೆ. ಬೇರೆ ಬೇರೆ ಏಕೆ ಆದವು ಎಂಬ ಕಾರಣ. ಈಗ, ಕೂಡಿ ಇದ್ದರೆ ಏನಾಗುತ್ತದೆ ಎಂದು ನೋಡೋಣ.

ಬಾಬಾಸಾಹೇಬ್ ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿಗೆ ಹೋದರು. ಬರೋಡದ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನ. ಕೊಲಂಬಿಯಾ ವಿಶ್ವವಿದ್ಯಾನಿಲಯ. ಅಲ್ಲಿನ ಲಿವಿಂಗ್‌ಸ್ಟನ್ ಹಾಲ್ ಎಂಬ ವಿದ್ಯಾರ್ಥಿನಿಲಯದಲ್ಲಿ ಅವರಿಗೆ ಜೊತೆಯಾದವರು ನವಲ್ ಭಥೇನಾ. ಪಾರ್ಸಿ ಯುವಕ. ಇಬ್ಬರೂ ಒಂದೇ ಕಡೆ ಉಳಿದರು, ಓದಿದರು. ಆ ಗೆಳೆತನ ಬದುಕಿಡೀ ಉಳಿಯಿತು. ಮುಂದೆ ಲಂಡನ್ನಿನಲ್ಲಿ ಅರ್ಧಕ್ಕೆ ನಿಂತ ಓದನ್ನು ಮುಗಿಸಲು ಅಂಬೇಡ್ಕರರು ಹೊರಟಾಗ ಹಣದ ನೆರವು ಕೊಟ್ಟವರಲ್ಲಿ ಈ ಭಥೇನಾ ಕೂಡ ಒಬ್ಬರು.

ಅದೇ ಅಂಬೇಡ್ಕರರು 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದರು. ಆ ಊರಿನ ಹಿಂದೂ ಹೋಟೆಲುಗಳಲ್ಲಿ ಅವರಿಗೆ ಜಾಗ ಸಿಗುವಂತಿರಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಅಲ್ಲಿ ಪಾರ್ಸಿಗಳಿಗೆ ಮಾತ್ರ ಪ್ರವೇಶ. ಹಾಗಾಗಿ ಪಾರ್ಸಿ ಹೆಸರಿನಲ್ಲಿ ಉಳಿಯಬೇಕಾಯಿತು. ಮಹಡಿಯ ಮೇಲೆ ಒಂದು ಪುಟ್ಟ ಕೋಣೆ. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಜಾಗ ಬಿಡು ಎಂದರು. ಆ ದಿನ ಅವರಿಗೆ ಊರಿನಲ್ಲಿ ಬೇರೆಲ್ಲೂ ತಲೆ ಇಡಲು ನೆಲೆ ಸಿಗಲಿಲ್ಲ. ಒಂದು ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದರು. ರಾತ್ರಿಯ ರೈಲು ಹಿಡಿದು ಮುಂಬೈಗೆ ಹೊರಟರು. ಇದನ್ನು ಅವರೇ ಬರೆದಿದ್ದಾರೆ.

ಕೇಳುಗರೇ, ಈ ಎರಡು ಕೋಣೆಗಳನ್ನು ಒಟ್ಟಿಗೆ ಇಟ್ಟು ಯೋಚಿಸಿ. ಒಂದು ಕಡೆ ಕೈ ಹಿಡಿದವರು ಪಾರ್ಸಿ. ಇನ್ನೊಂದು ಕಡೆ ದೊಣ್ಣೆ ಹಿಡಿದವರೂ ಪಾರ್ಸಿಗಳೇ. ಧರ್ಮ ಒಂದೇ, ದೇಶ ಒಂದೇ. ನ್ಯೂಯಾರ್ಕಿನಲ್ಲಿ ಒಬ್ಬ ಪಾರ್ಸಿ ಅವರ ಜೊತೆ ಬದುಕಿ ನೋಡಿದ್ದ. ಬರೋಡದಲ್ಲಿ ಬಂದವರಿಗೆ ಅವರ ಜಾತಿಯೊಂದನ್ನು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ. ನ್ಯೂಯಾರ್ಕಿನ ಗೆಳೆತನಕ್ಕೆ ಜಾಗ ಕೊಟ್ಟದ್ದು ಒಂದು ವಿಶ್ವವಿದ್ಯಾನಿಲಯ. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಇದು ಒಬ್ಬ ಮಹಾಪುರುಷರ ಕಥೆ, ಎಲ್ಲರಿಗೂ ಅನ್ವಯಿಸುತ್ತದೆಯೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ದಕ್ಷಿಣ ಆಫ್ರಿಕಾದಿಂದ ಬಂದಿದೆ. ಅಲ್ಲಿ ಕರಿಯರನ್ನೂ ಬಿಳಿಯರನ್ನೂ ಕಾನೂನೇ ಬೇರ್ಪಡಿಸಿತ್ತು. ಆ ವ್ಯವಸ್ಥೆ ಕೊನೆಗೊಂಡದ್ದು 1994ರಲ್ಲಿ. ಆಮೇಲೆ ಕೇಪ್‌ಟೌನ್ ವಿಶ್ವವಿದ್ಯಾನಿಲಯದ ಹಾಸ್ಟೆಲುಗಳಲ್ಲಿ ಮೊದಲ ವರ್ಷದವರಿಗೆ ಕೊಠಡಿ ಹಂಚುವಾಗ ಯಾರ ಜೊತೆ ಯಾರು ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿದರು. ಕೆಲವರಿಗೆ ತಮ್ಮ ಬಣ್ಣದವರೇ ಜೊತೆಯಾದರು. ಕೆಲವರಿಗೆ ಬೇರೆ ಬಣ್ಣದವರು. ಮೂವರು ಅರ್ಥಶಾಸ್ತ್ರಜ್ಞರು ಈ ಎರಡೂ ಬಗೆಯ ಕೊಠಡಿಗಳ ವಿದ್ಯಾರ್ಥಿಗಳನ್ನು ಹೋಲಿಸಿ ಅಧ್ಯಯನ ಮಾಡಿದರು. ಅದು 2022ರಲ್ಲಿ ಪ್ರಕಟವಾಯಿತು.

ಅವರು ಕಂಡದ್ದು ಇಷ್ಟು. ಬೇರೆ ಬಣ್ಣದವರ ಜೊತೆ ಉಳಿದ ಬಿಳಿಯ ವಿದ್ಯಾರ್ಥಿಗಳಲ್ಲಿ ಕರಿಯರ ಬಗ್ಗೆ ಒಳಗೇ ಇದ್ದ ಕೀಳು ಭಾವನೆ ಕಡಿಮೆಯಾಗಿತ್ತು. ಬಣ್ಣ ಮೀರಿದ ಸ್ನೇಹಗಳು ಹೆಚ್ಚಿದ್ದವು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು ಎನಿಸುತ್ತದೆ. ಇಂಥ ಕೊಠಡಿಗಳಲ್ಲಿ ಉಳಿದ ಕರಿಯ ವಿದ್ಯಾರ್ಥಿಗಳ ಅಂಕಗಳು ಏರಿದ್ದವು. ಹೆಚ್ಚು ಪರೀಕ್ಷೆ ಪಾಸಾದರು. ಓದು ಬಿಟ್ಟು ಹೋದವರು ಕಡಿಮೆ. ಜೊತೆಗಿದ್ದವರು ಜಾಣರಾಗಿದ್ದರು, ಅದಕ್ಕೆ ಹೀಗಾಯಿತು ಎನ್ನುವಂತಿಲ್ಲ. ಅದನ್ನೂ ಅವರು ಪರೀಕ್ಷಿಸಿ ನೋಡಿದ್ದಾರೆ. ನನಗೆ ತಿಳಿಯುವ ಮಟ್ಟಿಗೆ, ಈ ಜಾಗ ನನ್ನದೂ ಹೌದು ಎಂಬ ಧೈರ್ಯ ಬಂದವನು ಓದುತ್ತಾನೆ. ಆ ಧೈರ್ಯ ಇಲ್ಲದವನ ಅರ್ಧ ಶಕ್ತಿ ಎದುರಿನವರ ಮುಖ ನೋಡುವುದರಲ್ಲೇ ಹೋಗುತ್ತದೆ.

ಹಾಗಾದರೆ, ಕೂಡಿ ಇರಿಸಿದರೆ ಒಳ್ಳೆಯದಾಗುತ್ತದೆ ಎಂಬುದಕ್ಕೆ ಎರಡು ಸಾಕ್ಷ್ಯ ಹೇಳಿದೆ. ಒಂದು ಅಂಬೇಡ್ಕರರ ಕೋಣೆ, ಇನ್ನೊಂದು ಕೇಪ್‌ಟೌನಿನ ಕೋಣೆಗಳು. ಆದರೆ ಕೂಡಿ ಇರಿಸಿ ಕೈ ತೊಳೆದುಕೊಂಡರೆ? ಈಗ ಆ ವಿಷಯಕ್ಕೆ ಬರುತ್ತೇನೆ. ಇದು ನೋವಿನ ವಿಷಯ.

ದೆಹಲಿಯ ಏಮ್ಸ್, ಅಂದರೆ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ದೇಶದ ಅತಿ ದೊಡ್ಡ ಹೆಸರಿನ ವೈದ್ಯಕೀಯ ಕಾಲೇಜು. ಅಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ತಿಳಿಯಲು ಕೇಂದ್ರ ಸರಕಾರ ಪ್ರೊಫೆಸರ್ ಸುಖದೇವ್ ಥೋರಟ್ ಅವರ ಸಮಿತಿ ನೇಮಿಸಿತು. ವರದಿ ಬಂದದ್ದು 2007ರಲ್ಲಿ. ಕೊಠಡಿ ಹಂಚುವಾಗ ಅಲ್ಲಿ ಯಾರನ್ನೂ ಬೇರೆ ಮಾಡಿರಲಿಲ್ಲ. ಆದರೆ ಕಿರುಕುಳ ತಾಳಲಾಗದೆ ಈ ವಿದ್ಯಾರ್ಥಿಗಳು ಒಬ್ಬೊಬ್ಬರೇ ಜಾಗ ಬದಲಾಯಿಸಿದ್ದರು. ಕೆಲವು ಹಾಸ್ಟೆಲುಗಳ ಮೇಲಿನ ಮಹಡಿಗಳಲ್ಲಿ ಅವರೆಲ್ಲ ಒಟ್ಟಾಗಿ ಸೇರಿದ್ದರು. ಪುಸ್ತಕ ಹಿಡಿದು ಡಾಕ್ಟರಾಗಲು ಬಂದ ಮಕ್ಕಳು. ಊರಿನ ಹೊರಗಿನ ಕೇರಿ ಅಲ್ಲಿ ಮೇಲಿನ ಮಹಡಿಗೆ ಬಂದು ನಿಂತಿತ್ತು. ಅಧ್ಯಾಪಕರಿಂದ ಸಾಕಷ್ಟು ನೆರವು ಸಿಗುತ್ತಿಲ್ಲ ಎಂದು ಅವರಲ್ಲಿ ನೂರಕ್ಕೆ ಸುಮಾರು 70 ಮಂದಿ ಸಮಿತಿಗೆ ಹೇಳಿದ್ದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಬಗ್ಗೆ ಒಂದು ಪುಸ್ತಕ ಬರೆದರು. ಬೇರೆ ಬೇರೆ ಗುಂಪಿನ ಜನ ಹತ್ತಿರ ಬಂದ ಮಾತ್ರಕ್ಕೆ ದ್ವೇಷ ಕರಗುವುದಿಲ್ಲ, ಅದಕ್ಕೆ ಕೆಲವು ಷರತ್ತುಗಳಿವೆ ಎಂದು ಅವರು ವಾದಿಸಿದರು. ಇಬ್ಬರ ಸ್ಥಾನವೂ ಸಮವಾಗಿರಬೇಕು. ಇಬ್ಬರಿಗೂ ಒಂದೇ ಗುರಿ ಇರಬೇಕು. ಕೂಡಿ ಮಾಡುವ ಕೆಲಸ ಇರಬೇಕು. ಮತ್ತು ಮೇಲಿನವರು, ಎಂದರೆ ಸಂಸ್ಥೆ, ಇದರ ಬೆನ್ನಿಗೆ ನಿಂತಿರಬೇಕು. ಏಮ್ಸ್‌ನಲ್ಲಿ ಗುರಿ ಒಂದೇ ಇತ್ತು, ಕೆಲಸವೂ ಒಂದೇ ಇತ್ತು. ಬೆನ್ನಿಗೆ ನಿಲ್ಲುವವರು ಇರಲಿಲ್ಲ.

ಬೆನ್ನಿಗೆ ನಿಲ್ಲಲು ನಿಯಮಗಳಿಲ್ಲವೇ? ಇವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ನಾವು ಯುಜಿಸಿ ಎನ್ನುತ್ತೇವಲ್ಲ, ಅದು 2012ರಲ್ಲಿ ಸಮಾನತೆಯ ನಿಯಮಗಳನ್ನು ಹೊರಡಿಸಿತು. ಅದರಲ್ಲಿ ಬಿಡಿಸಿ ಬಿಡಿಸಿ ಬರೆದಿದ್ದಾರೆ. ತರಗತಿಯಲ್ಲಿ ವಿದ್ಯಾರ್ಥಿಯ ಜಾತಿಯನ್ನು ಕೂಗಿ ಹೇಳಬಾರದು. ಮೀಸಲಾತಿಯವನು ಎಂದು ಹಣೆಪಟ್ಟಿ ಹಚ್ಚಬಾರದು. ಹಾಸ್ಟೆಲು, ಮೆಸ್ಸು, ವಾಚನಾಲಯ, ಆಟದ ಮೈದಾನಗಳಲ್ಲಿ ಬೇರ್ಪಡಿಸಬಾರದು. ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಆ ಅಧಿಕಾರಿಯ ಹೆಸರೇನು, ಕೋಣೆ ಎಲ್ಲಿದೆ ಎಂದು ಒಬ್ಬ ಹೊಸ ವಿದ್ಯಾರ್ಥಿಯನ್ನು ಕೇಳಿ ನೋಡಿ. ಗೊತ್ತಿರುವವರು ಅಪರೂಪ. ನಿಯಮದ ಪುಸ್ತಕ ಕುಲಸಚಿವರ ಕಪಾಟಿನಲ್ಲಿದ್ದರೆ ಹಾಸ್ಟೆಲಿನ ಹುಡುಗಿಗೆ ಏನು ಪ್ರಯೋಜನ?

ಇಲ್ಲಿಯವರೆಗೆ ಕೊಠಡಿಯ ಮಾತಾಯಿತು. ನಿಯಮದ ಮಾತಾಯಿತು. ಈಗ ಮೆಸ್ಸಿಗೆ ಬನ್ನಿ. ಹಾಸ್ಟೆಲಿನ ಅರ್ಧ ಜಗಳ ಹುಟ್ಟುವುದು ಅಲ್ಲಿಯೇ.

ಮುಂಬೈಯ ಐಐಟಿಯ ಒಂದು ಮೆಸ್ಸಿನಲ್ಲಿ 2023ರಲ್ಲಿ ಕೆಲವು ಮೇಜುಗಳನ್ನು ಸಸ್ಯಾಹಾರಿಗಳಿಗೆಂದು ಮೀಸಲಿಟ್ಟರು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಒಬ್ಬ ವಿದ್ಯಾರ್ಥಿಗೆ 10 ಸಾವಿರ ರೂಪಾಯಿ ದಂಡ ಹಾಕಿದರು. ಅವರವರ ಊಟ ಅವರವರ ಆಯ್ಕೆ, ಅದರಲ್ಲಿ ಎರಡು ಮಾತಿಲ್ಲ. ಸಸ್ಯಾಹಾರದ ಅಡುಗೆಗೆ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸೌಟು ಬೇಕು ಎಂದರೆ ಕೊಡಬೇಕು. ಆದರೆ ತಟ್ಟೆಯಲ್ಲಿ ಏನಿರಬೇಕು ಎಂದು ಆರಿಸುವ ಹಕ್ಕಿನಿಂದ ಪಕ್ಕದಲ್ಲಿ ಯಾರು ಕೂರಬೇಕು ಎಂದು ಆರಿಸುವ ಹಕ್ಕು ಹುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಪಂಕ್ತಿಗೆ ಒಂದು ಚರಿತ್ರೆ ಇದೆ. ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು, ಯಾರನ್ನು ಎಬ್ಬಿಸಬೇಕು ಎಂದು ಶತಮಾನಗಳ ಕಾಲ ಲೆಕ್ಕ ಹಾಕಿದ್ದೇವೆ. ಆ ಲೆಕ್ಕ ಮೆಸ್ಸಿನ ಮೇಜಿಗೆ ಮರಳಿ ಬರಬಾರದು. ನಮ್ಮ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿ, ಮತಗಳ ಸಾವಿರಾರು ಮಕ್ಕಳು ದಿನವೂ ಕೂಡಿ ಉಣ್ಣುತ್ತಾರೆ. ದಶಕಗಳಿಂದ ನಡೆದು ಬಂದಿದೆ. ಒಂದು ಮಠಕ್ಕೆ ಸಾಧ್ಯವಾದದ್ದು ಸರಕಾರದ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯಕ್ಕೆ ಏಕೆ ಆಗಬಾರದು?

ಊಟದ ಜೊತೆಗೇ ಮಾತು ಬರುತ್ತದೆ. ಬೀದರಿನ ಹುಡುಗಿ ಮೈಸೂರಿಗೆ ಓದಲು ಬರುತ್ತಾಳೆ. ಸುಮಾರು 800 ಕಿಲೋಮೀಟರು ದೂರ. ಅವಳು "ನಂಗ ತಿಳೀಲಿಲ್ರೀ ಸರ" ಎಂದ ಕೂಡಲೇ ತರಗತಿ ಗೊಳ್ಳೆಂದು ನಗುತ್ತದೆ. ಮಾರನೆಯ ದಿನದಿಂದ ಅವಳು ಪ್ರಶ್ನೆ ಕೇಳುವುದನ್ನೇ ಬಿಡುತ್ತಾಳೆ. ನಕ್ಕವರಿಗೆ ಅದು ನೆನಪೂ ಇರುವುದಿಲ್ಲ. ಚಾಮರಾಜನಗರದ ಹುಡುಗ ಧಾರವಾಡಕ್ಕೆ ಹೋದರೂ ಇದೇ ಪಾಡು. ಕನ್ನಡಿಗರೇ ಕನ್ನಡಿಗರನ್ನು ಹೀಗೆ ನಡೆಸಿಕೊಂಡರೆ, ಮಣಿಪುರದಿಂದ, ನಾಗಾಲ್ಯಾಂಡಿನಿಂದ, ಆಫ್ರಿಕಾದಿಂದ ಬಂದವರ ಗತಿ ಏನು? ತರಗತಿಯಲ್ಲಿ ಆ ನಗುವನ್ನು ನಿಲ್ಲಿಸಬೇಕಾದವರು ಅಧ್ಯಾಪಕರು. ಆ ಕ್ಷಣದಲ್ಲೇ ನಿಲ್ಲಿಸಬೇಕು. ಆಮೇಲೆ ಕರೆದು ಸಮಾಧಾನ ಹೇಳಿದರೆ ಹುಡುಗಿಗೆ ಅರ್ಧ ನ್ಯಾಯ ಮಾತ್ರ ಸಿಗುತ್ತದೆ.

ಈಶಾನ್ಯ ರಾಜ್ಯಗಳ ಮಾತು ಬಂತು. 2012ರ ಆಗಸ್ಟ್ ತಿಂಗಳು ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿದ್ದ ಈಶಾನ್ಯದವರ ಮೇಲೆ ಹಲ್ಲೆ ನಡೆಯಲಿದೆ ಎಂದು ಮೊಬೈಲುಗಳಲ್ಲಿ ಗಾಳಿಸುದ್ದಿ ಹಬ್ಬಿತು. ಎರಡು ಮೂರು ದಿನಗಳಲ್ಲಿ ಸಾವಿರಾರು ಮಂದಿ ನಗರ ಬಿಟ್ಟರು. ಅವರಲ್ಲಿ ವಿದ್ಯಾರ್ಥಿಗಳೂ ಬಹಳ. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸುವಂತಿಲ್ಲ ಎಂದು ಕೇಂದ್ರ ಸರಕಾರ ಕೆಲವು ದಿನ ನಿರ್ಬಂಧ ಹೇರಿತು. ಸುದ್ದಿ ಸುಳ್ಳು ಎಂದು ಮಂತ್ರಿಗಳು ಹೇಳಿದರು, ಪೊಲೀಸರು ಹೇಳಿದರು. ಜನ ನಂಬಲಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯ ನಂಬುವುದು ಗುರುತಿನ ಒಂದು ದನಿಯನ್ನು. ಹೋಗಬೇಡ, ನಾನಿದ್ದೇನೆ ಎಂದು ಪಕ್ಕದ ಮಂಚದವರು ಹೇಳಬೇಕು. ಈಶಾನ್ಯದವರೆಲ್ಲ ಒಂದೇ ಕಡೆ, ಸ್ಥಳೀಯರೆಲ್ಲ ಇನ್ನೊಂದು ಕಡೆ ಬಾಳುವ ಊರಿನಲ್ಲಿ ಆ ದನಿ ಎಲ್ಲಿಂದ ಬರಬೇಕು?

ಹಾಗೆಂದು ಬೇರೆಯವರ ಜೊತೆ ಇರಿಸಿದ ಮಗುವಿನ ಮೇಲೆ ಊರನ್ನೇ ತಿದ್ದುವ ಭಾರ ಹೊರಿಸಬಾರದು. ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮಲ್ಲಿ ಇದೇಕೆ ಹೀಗೆ, ಅದೇಕೆ ಹಾಗೆ ಎಂದು ದಿನವೂ ಒಬ್ಬ ಮುಸ್ಲಿಂ ಹುಡುಗನನ್ನು ಕೇಳುತ್ತಿದ್ದರೆ ಅವನು ಓದುವುದು ಯಾವಾಗ? ಗಾಲಿಕುರ್ಚಿಯ ಹುಡುಗಿ ನಮಗೆಲ್ಲ ಸ್ಫೂರ್ತಿ ಎಂದು ವೇದಿಕೆಯಲ್ಲಿ ಹೊಗಳುತ್ತೇವೆ. ವೇದಿಕೆ ಹತ್ತಲು ಇಳಿಜಾರು ಮಾತ್ರ ಇರುವುದಿಲ್ಲ. ಅಂಗವಿಕಲರಿಗೆ ಉನ್ನತ ಶಿಕ್ಷಣದಲ್ಲಿ ನೂರಕ್ಕೆ 5 ಸೀಟು ಎಂದು 2016ರ ಕಾನೂನು ಹೇಳಿದೆ. ಸೀಟು ಪಡೆದವಳು ಮೂರನೆಯ ಮಹಡಿಯ ಪ್ರಯೋಗಾಲಯ ತಲುಪುವುದು ಹೇಗೆ ಎಂಬುದು ಕಾಲೇಜು ಬಿಡಿಸಬೇಕಾದ ಲೆಕ್ಕ.

ಕೊಠಡಿ, ನಿಯಮ, ಊಟ, ಮಾತು. ಇವಿಷ್ಟು ಹೇಳಿಯಾಯಿತು. ಸಮಯ ಮುಗಿಯುತ್ತ ಬಂದಿದೆ. ಈ ವಾರವೇ ಕೊಠಡಿ ಪಟ್ಟಿ ಬರೆಯಲಿರುವ ವಾರ್ಡನ್ನರಿಗೆ ಕೆಲವು ಮಾತು.

ಪಟ್ಟಿಯಲ್ಲಿ ಹೆಸರು, ಕೊಠಡಿ ಸಂಖ್ಯೆ ಇದ್ದರೆ ಸಾಕು. ರ‍್ಯಾಂಕು ಬೇಡ, ಕೆಟಗರಿ ಬೇಡ. ಮೊದಲ ವರ್ಷದವರಿಗೆ ಚೀಟಿ ಎತ್ತಿ ಕೊಠಡಿ ಹಂಚಿ. ಜಿಲ್ಲೆ, ಭಾಷೆ, ವಿಭಾಗ ಬೆರೆಯಲಿ. ಎರಡು ಮೂರು ವಾರ ಕಳೆದ ಮೇಲೆ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕರೆದು ಮಾತಾಡಿಸಿ. ಕೊಠಡಿ ಬದಲಿಸಿ ಎಂದು ಯಾರಾದರೂ ಬಂದರೆ ಕಾರಣ ಕೇಳಿ. ಜೊತೆಯವನ ಜಾತಿ, ಧರ್ಮ ಕಾರಣವಾಗಿದ್ದರೆ ಬದಲಿಸಬೇಡಿ. ಅವಮಾನ, ಕಿರುಕುಳ ಕಾರಣವಾಗಿದ್ದರೆ ಅದೇ ದಿನ ಕ್ರಮ ಕೈಗೊಳ್ಳಿ. ಆಗ ಜಾಗ ಬಿಡಬೇಕಾದವನು ಕಿರುಕುಳ ಕೊಟ್ಟವನು. ನೊಂದವನನ್ನೇ ಎತ್ತಂಗಡಿ ಮಾಡಿ ಸಮಸ್ಯೆ ಬಗೆಹರಿಯಿತು ಎನ್ನುವುದು ನಮ್ಮಲ್ಲಿ ರೂಢಿಯಾಗಿದೆ. ದಯವಿಟ್ಟು ಅದನ್ನು ನಿಲ್ಲಿಸಿ.

ತಂದೆತಾಯಿಗಳೇ, ಮಗುವನ್ನು ಬಿಡಲು ಹೋದಾಗ ಆ ಇನ್ನೊಂದು ಮಂಚದ ಮಗುವಿನ ಜೊತೆ ಎರಡು ಮಾತಾಡಿ. ಊರು ಕೇಳಿ, ಊಟ ಆಯಿತೇ ಎಂದು ಕೇಳಿ. ಅಡ್ಡಹೆಸರು ಕೆದಕಬೇಡಿ.

ವಿದ್ಯಾರ್ಥಿಗಳೇ, ಒಂದು ದೂರವಾಣಿ ಸಂಖ್ಯೆ ಹೇಳುತ್ತೇನೆ, ಬರೆದುಕೊಳ್ಳಿ. ರ‍್ಯಾಗಿಂಗ್ ವಿರುದ್ಧ ಯುಜಿಸಿ 2009ರಲ್ಲಿ ನಿಯಮ ತಂದಿತು. ಜಾತಿ, ಧರ್ಮ, ಬಣ್ಣ, ಭಾಷೆ, ಹುಟ್ಟೂರು, ಬಡತನ, ಇವುಗಳ ಹೆಸರಿನಲ್ಲಿ ಹೀಯಾಳಿಸುವುದು ಕೂಡ ರ‍್ಯಾಗಿಂಗ್ ಎಂದು 2016ರಲ್ಲಿ ಅದಕ್ಕೆ ಸೇರಿಸಿತು. ಇಂಥದ್ದು ನಿಮಗೆ ಆದರೆ, ಅಥವಾ ನಿಮ್ಮ ಕಣ್ಣೆದುರು ಇನ್ನೊಬ್ಬರಿಗೆ ಆದರೆ, ಈ ಸಂಖ್ಯೆಗೆ ಕರೆ ಮಾಡಿ. 1800-180-5522. ಮತ್ತೊಮ್ಮೆ ಹೇಳುತ್ತೇನೆ. 1800-180-5522. ಹಗಲು ರಾತ್ರಿ ಇರುತ್ತದೆ. ಕರೆಗೆ ಹಣ ಕೊಡಬೇಕಿಲ್ಲ.